ಮೂರು ಪಾಲು ಚಿನ್ನ, ಒಂದು ಪಾಲು ತಾಮ್ರ

ಹೋದ ತಿಂಗಳು ಪಾತ್ರೆಗೆ ಕಲಾಯಿ ಹಾಕುವ ಸಾಬರು ನಮ್ಮ ಜಗುಲಿಗೆ ಬಂದರು. ಪಾತ್ರೆ ಇದೆಯೇ ಎಂದು ಹೊರಗಿನಿಂದಲೇ ಕೂಗುವವರು, ಅವತ್ತು ಕೂಗಲಿಲ್ಲ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕುಳಿತು ಹೇಳಿದರು:

"ಆಚಾರ್ರು ಹೋಗಿಬಿಟ್ರು. ಧರ್ಮಪುರದಾಗೆ. ಎಂಟು ದಿನ ಆತಂತೆ. ನಿಮಗೆ ಹೇಳ್ಬೇಕು ಅನ್ನಿಸ್ತು, ಬಂದೆ."

ಯಾಕೆ ಹಾಗನ್ನಿಸಿತೆಂದು ನಾನು ಕೇಳಲಿಲ್ಲ. ಕಾಫಿ ಕುಡಿಯಿರಿ ಎಂದೆ. ಬೇಡ ಎಂದು ಎದ್ದು ಹೋದರು. ಅವರು ಹೋದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಮನೆಯವರು ಪಿತ್ತ ಎಂದು ಕಷಾಯ ಮಾಡಿಕೊಟ್ಟರು, ಕುಡಿದೆ. ಅದು ಪಿತ್ತವಾಗಿರಲಿಲ್ಲ.

ಹಿರಿಯೂರಿನಲ್ಲಿ ಆ ಅಕ್ಕಸಾಲಿಯನ್ನು ಎಲ್ಲರೂ ಆಚಾರ್ರು ಅನ್ನುತ್ತಿದ್ದರು. ಅವರ ಸ್ವಂತ ಹೆಸರೇನೆಂದು ನಾನು ಕೇಳಿದವನಲ್ಲ. ನಮ್ಮ ಕಾಲದಲ್ಲಿ ಕೈಕೆಲಸದವರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಕೆಲಸವೇ ಅವರ ಹೆಸರು. ಈಗ ಕೇಳೋಣವೆಂದರೆ ಅದಕ್ಕೂ ನಾಚಿಕೆಯಾಗುತ್ತದೆ.

ಬಜಾರಿನಲ್ಲಿ ಸಾಬರ ಕಲಾಯಿ ಅಂಗಡಿಗೆ ಒತ್ತಿಕೊಂಡಂತೆ ಅವರ ಅಂಗಡಿ. ಅಂಗಡಿ ಎಂದರೆ ಎಂಟಡಿ ಕಟ್ಟೆ, ಮೇಲೊಂದು ತಗಡು. ಅಗ್ಗಿಷ್ಟಿಕೆಯ ಮುಂದೆ ಕುಳಿತು ಊದುಗೊಳವೆ ಬಾಯಿಗಿಟ್ಟುಕೊಂಡರೆ ಅವರ ಎರಡು ಕೆನ್ನೆಯೂ ಹಲಸಿನ ಹಣ್ಣಿನಂತೆ ಉಬ್ಬುತ್ತಿದ್ದವು. ಬೆಂಕಿಗೆ ಸುಟ್ಟು ಸುಟ್ಟು ಬಲಗಡೆಯ ಹುಬ್ಬು ಇರಲೇ ಇಲ್ಲ. "ಒಂದು ಹುಬ್ಬು ಬೆಂಕಿಗೆ ಕೊಟ್ಟೀನಿ, ಒಂದನ್ನ ನಮ್ಮಾಕಿ ನೋಡ್ಲಿ ಅಂತ ಇಟ್ಟೀನಿ" ಅನ್ನುತ್ತಿದ್ದರು. ಊರ ಹೆಂಗಸರ ಕೊರಳು ತುಂಬ ಚಿನ್ನ ಮಾಡಿದ ಮನುಷ್ಯ. ಅವರ ಹೆಂಡತಿಯ ಕೊರಳಲ್ಲಿ ಮಾತ್ರ ಅರಿಸಿನದ ಕೊಂಬು ಕಟ್ಟಿದ ದಾರ.

ಗಿರಾಕಿ ಎದ್ದು ಹೊರಟಾಗಲೆಲ್ಲ ಅವರು ಒಂದು ಕೆಲಸ ಮಾಡುತ್ತಿದ್ದರು. ಎರಡೂ ಅಂಗೈ ಬಿಚ್ಚಿ, ಬೆರಳು ಅಗಲಿಸಿ, ಚಿನ್ನದ ಚೂರೂ ಉಳಿಸಿಕೊಂಡಿಲ್ಲವೆಂದು ಗಿರಾಕಿಯ ಮುಖದ ಮುಂದೆ ಹಿಡಿದು ತೋರಿಸುತ್ತಿದ್ದರು. ಪಕ್ಕದಿಂದ ಸಾಬರು ಕಿಚಾಯಿಸುತ್ತಿದ್ದರು: "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲಂತೆ. ಎಷ್ಟು ತೋರಿಸಿದ್ರೂ ಯಾರು ನಂಬ್ತಾರೆ ಉಸ್ತಾದ್?" ಆಚಾರ್ರು ತಲೆ ಎತ್ತದೆ ಹೇಳುತ್ತಿದ್ದರು: "ನಂಗೆ ಅಕ್ಕನೇ ಇಲ್ಲ ಸಾಬ್ರೇ, ಐದೂ ಜನ ತಂಗೇರು. ಗಾದೆ ಮಾಡಿದೋನು ತಂಗೇರ ವಿಷಯ ಏನೂ ಹೇಳಿಲ್ಲ."

ಇನ್ನೊಂದು ಪದ್ಧತಿ ಇತ್ತು. ಅದನ್ನು ಬೇರೆ ಯಾವ ಅಕ್ಕಸಾಲಿಯ ಹತ್ತಿರವೂ ನಾನು ಕಂಡಿಲ್ಲ. ಚಿನ್ನ ಕರಗಿಸುವ ಮೂಸೆಗೆ ಹಾಕುವುದೆಲ್ಲ ಗಿರಾಕಿಯ ಕೈಯಿಂದಲೇ ಬೀಳಬೇಕು. ಬೆರಕೆಗೆ ತಾಮ್ರ ಬೇಕಾದರೆ ಅದೂ ಗಿರಾಕಿಯ ಮನೆಯಿಂದಲೇ ಬರಬೇಕು. ತಮ್ಮದೊಂದು ಚೂರನ್ನೂ ಹಾಕುತ್ತಿರಲಿಲ್ಲ. "ನಿಮ್ಮ ಚಿನ್ನ, ನಿಮ್ಮ ತಾಮ್ರ, ನಿಮ್ಮ ಕೈ. ಊದೋ ಉಸಿರು ಒಂದು ನಂದು" ಅನ್ನುತ್ತಿದ್ದರು.

ಮಾರಿಕಣಿವೆಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ ಅದು. ನಾನು ಚಿತ್ರದುರ್ಗದಲ್ಲಿ ಹೈಸ್ಕೂಲು ಮುಗಿಸಿ ಬಂದು ಆ ಕೆಲಸದಲ್ಲಿ ಗುಮಾಸ್ತನಾಗಿ ಸೇರಿದ್ದೆ. ಇಪ್ಪತ್ತೆರಡು ವಯಸ್ಸು, ಇಂಗ್ಲಿಷ್ ಓದಿದ್ದೇನೆಂಬ ಜಂಬ. ಅಲ್ಲಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷ್ ದೊರೆಯ ಅಂಗಿಯ ಮೇಲೆ ಗಡಿಯಾರದ ಸರಪಳಿ ಇರುತ್ತಿತ್ತು. ಚಿನ್ನವೇ, ಆದರೆ ನಮ್ಮ ಹಳದಿ ಚಿನ್ನವಲ್ಲ. ಗುಲಾಬಿಯ ಛಾಯೆ. ಬಿಸಿಲಿಗೆ ತಿರುಗಿದಾಗ ಒಳಗಿನಿಂದ ಬೆಚ್ಚಗೆ ಹೊಳೆಯುವ ಕೆಂಪು. ಅದನ್ನು ಕಂಡ ದಿನದಿಂದ ನಮ್ಮ ಊರಿನ ಒಡವೆಗಳೆಲ್ಲ ನನಗೆ ಹಳ್ಳಿಗಾಡಿನವಾಗಿ ಕಾಣತೊಡಗಿದವು.

ಆಚಾರ್ರ ಕಟ್ಟೆಗೆ ಹೋಗಿ ಕೇಳಿದೆ: "ದೊರೆ ಸರಪಳಿ ಕೆಂಪಗೈತಲ್ಲ, ಅದು ಚಿನ್ನಾನೇನ್ರೀ?"

"ಕುಂತ್ಕಳ್ರಿ" ಎಂದು ಒರೆಗಲ್ಲು ತೆಗೆದು ಮೂರು ಗೆರೆ ಎಳೆದರು. ಒಂದು ಅಪರಂಜಿ, ಒಂದು ಬೆಳ್ಳಿ ಬೆರೆತದ್ದು, ಒಂದು ತಾಮ್ರ ಬೆರೆತದ್ದು. "ನೋಡ್ರಿ, ಬೆಳ್ಳಿ ಬೆರೆತ್ರೆ ಚಿನ್ನ ಬಿಳಿಚಿಕೊಳ್ತೈತೆ, ಬಾಣಂತಿ ಮುಖದಂಗೆ. ತಾಮ್ರ ಬೆರೆತ್ರೆ ನಾಚ್ಕೆಂತೈತೆ. ದೊರೇದು ನಾಚ್ಕೆಂಡಿರೋ ಚಿನ್ನ. ಮೂರು ಪಾಲು ಚಿನ್ನ, ಒಂದು ಪಾಲು ತಾಮ್ರ ಇದ್ದೀತು."

"ಹಂಗಾದ್ರೆ ಕಲಬೆರಕೆ."

"ಕಲಬೆರಕೆ ಅಂದ್ರೆ ಹೇಳದೆ ಹಾಕೋದು ಸ್ವಾಮಿ. ಹೇಳಿ ಹಾಕಿದ್ರೆ ಅದು ಹದ." ಸ್ವಲ್ಪ ಹೊತ್ತು ಊದಿ ಮತ್ತೆ ಹೇಳಿದರು: "ಅಪರಂಜಿ ನೋಡಾಕೆ, ಹದದ ಚಿನ್ನ ತೊಡಾಕೆ. ಬರೀ ಅಪರಂಜಿ ಬಳೆ ಮಾಡಿ ಹಾಕ್ಕಂಡು ಒಂದು ಕೊಡ ನೀರು ಎತ್ಲಿ, ಬಳೆ ಸೊಟ್ಟ. ದೊರೆಗಳ ಸವರನ್ ನೋಡೀರಲ್ಲ? ಅದ್ರಾಗೂ ಹನ್ನೆರಡಕ್ಕೊಂದು ಪಾಲು ಬೆರಕೆ ಐತೆ. ದೊರೆ ಹಾಕಿದ್ರೆ ನಾಣ್ಯ, ನಾನು ಹಾಕಿದ್ರೆ ಕಳ್ಳತನ!" ಎಂದು ನಕ್ಕರು. ಸಾಬರೂ ನಕ್ಕರು. ನಾನೂ ನಕ್ಕೆ.

ಆ ವರ್ಷವೇ ನನ್ನ ತಂಗಿಯ ಮದುವೆ ಹೊಸದುರ್ಗದ ಒಂದು ಮನೆತನಕ್ಕೆ ಗೊತ್ತಾಯಿತು. ಅಪ್ಪ ಅರಳೆ ವ್ಯಾಪಾರಿ, ಮಾತಿಗಿಂತ ಮುಂಚೆ ಕೋಪ ಬರುವ ಮನುಷ್ಯ. ಅಜ್ಜಿಯ ಕಾಸಿನ ಸರ ಮುರಿಸಿ ಎರಡು ಜೊತೆ ಬಳೆ ಮಾಡಿಸುವುದೆಂದು ನಿಶ್ಚಯಿಸಿ, ಎದುರಿಗೆ ಕೂತು ಕಾಯುವ ಕೆಲಸ ನನಗೆ ವಹಿಸಿದರು. ಚಿನ್ನ ಕೊಟ್ಟ ಮನೆಯವರಲ್ಲಿ ಒಬ್ಬರು ಅಕ್ಕಸಾಲಿಯ ಎದುರು ದಿನವಿಡೀ ಕೂರುವುದು ನಮ್ಮ ಕಡೆಯ ಪದ್ಧತಿ. ಕಣ್ಣಿಗೆ ಕಾಣುವ ಅವಮಾನ. ಆದರೆ ಅಕ್ಕಸಾಲಿಗರು ಅದನ್ನು ಅವಮಾನವೆಂದು ತೋರಿಸಿಕೊಳ್ಳುತ್ತಿರಲಿಲ್ಲ.

ಸರವನ್ನು ಅವರ ಮುಂದೆ ಇಟ್ಟು ನಾನು ಹೇಳಿದೆ: "ಆಚಾರ್ರೇ, ನನಗೆ ದೊರೆ ಸರಪಳಿ ಬಣ್ಣ ಬೇಕು."

ಅವರು ಕೈ ತಡೆದರು. "ಬ್ಯಾಡ್ರಿ. ಈ ಊರಾಗೆ ಕೆಂಪು ಅಂದ್ರೆ ತಾಮ್ರ ಅಂತಾರೆ. ಸುಮ್ಕೆ ಮಾತು ಬರ್ತೈತೆ."

"ಬರೋ ಮಾತಿಗೆ ನಾನು ಉತ್ತರ ಕೊಡ್ತೀನಿ."

"ಯಜಮಾನ್ರಿಗೆ ಹೇಳೀರಾ?"

"ಹೇಳೀನಿ" ಅಂದೆ.

ಹೇಳಿರಲಿಲ್ಲ. ಹೇಳಿದ್ದರೆ ಅಪ್ಪ ಒಪ್ಪುತ್ತಿರಲಿಲ್ಲ. ಬೀಗರ ಮುಂದೆ ಬಳೆ ಹೊರತೆಗೆದಾಗ ಇಂಥ ಬಣ್ಣ ಹೊಸದುರ್ಗದಲ್ಲಿ ಯಾರೂ ನೋಡಿಲ್ಲ ಎನ್ನಿಸಬೇಕು, ನನ್ನ ಓದಿಗೆ ಎಲ್ಲರೂ ತಲೆದೂಗಬೇಕು ಎಂದುಕೊಂಡಿದ್ದೆ. ಇದು ನನ್ನ ಮೊದಲನೆಯ ಸುಳ್ಳು. ಎರಡನೆಯದಕ್ಕೆ ಹೋಲಿಸಿದರೆ ಸಣ್ಣದು.

"ಹಂಗಾದ್ರೆ ತಾಮ್ರ ನಿಮ್ಮನೇದೇ ತರ್ರಿ. ಹಿತ್ತಾಳೆ ಬ್ಯಾಡ, ಕಂಚು ಬ್ಯಾಡ, ಚೊಕ್ಕ ತಾಮ್ರ" ಅಂದರು. ನಮ್ಮ ಅಟ್ಟದ ಮೇಲೆ ಮುರಿದ ತಾಮ್ರದ ಗಿಂಡಿಯೊಂದಿತ್ತು. ಅದರ ಮೂತಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋದೆ. ಅವರು ಹುಣಿಸೆ ಹಣ್ಣು ಹಚ್ಚಿ ತಿಕ್ಕಿ, ಕತ್ತರಿಸಿ, ತೂಗಿ ನನ್ನ ಅಂಗೈಗೆ ಹಾಕಿದರು. ಜೊತೆಗೆ ಅಮ್ಮನ ಸವೆದ ಕಾಲುಂಗುರದಿಂದ ಒಂದೇ ಒಂದು ಚೂರು ಬೆಳ್ಳಿ. "ಬರೀ ತಾಮ್ರ ಹಾಕಿದ್ರೆ ಬಣ್ಣ ಒರಟು. ಇದು ಸ್ವಲ್ಪ ಇದ್ರೆ ಗುಲಾಬಿಗೆ ಬರ್ತೈತೆ. ಹಾಕ್ರಿ, ನಿಮ್ಮ ಕೈಯಾರ." ಮೂಸೆಗೆ ಹಾಕಿದೆ. ಆ ಶಾಖ ಬೆರಳಿಗೆ ತಾಕಿದ್ದು ಇವತ್ತಿಗೂ ನೆನಪಿದೆ.

ಮೊದಲ ಸಲದ ಕಂಬಿ ಸುತ್ತಿಗೆಗೆ ಸಿಡಿಯಿತು. ಮಾಮೂಲು ಚಿನ್ನದಂತೆ ಅದನ್ನು ತಾನಾಗಿ ಆರಲು ಬಿಟ್ಟಿದ್ದರು. ಎರಡು ತುಂಡನ್ನೂ ಕೈಯಲ್ಲಿ ಹಿಡಿದು, ಸಿಟ್ಟು ಮಾಡಿಕೊಂಡ ಮಗುವನ್ನು ನೋಡಿದಂತೆ ನೋಡಿದರು. "ಇದರ ಸ್ವಭಾವ ಬೇರೆ ಐತೆ ಸಾಬ್ರೇ." ಮತ್ತೆ ಕರಗಿಸಿ, ಮತ್ತೆ ಕಾಯಿಸಿ, ಈ ಸಲ ಕೆಂಡದ ಬಣ್ಣ ಇರುವಾಗಲೇ ನೀರಿಗೆ ಬಿಟ್ಟರು. ಚುಂಯ್ ಎಂದಿತು. ಬಡಿದರು, ಬಗ್ಗಿತು, ಸಿಡಿಯಲಿಲ್ಲ. ಆಗ ಅವರ ಮುಖ ನೋಡಬೇಕಿತ್ತು. ಸಾಬರ ಭುಜ ಹಿಡಿದು ಅಲ್ಲಾಡಿಸಿ, "ಸಿಕ್ತು, ಸಿಕ್ತು ನೋಡ್ರಿ! ಇದನ್ನ ಆರಾಕೆ ಬಿಡಬಾರ್ದು!" ಎಂದರು. ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ನಾಲ್ಕು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ.

ಕಡೆಯಲ್ಲಿ ಒಡವೆಯನ್ನು ಉಪ್ಪು, ಪಟಿಕದ ನೀರಿನಲ್ಲಿ ಕುದಿಸಿ ಮೇಲ್ಮೈಯನ್ನು ಹಳದಿಗೆ ತರುವುದುಂಟು. "ಈಗಲೂ ಹೇಳ್ರಿ, ಒಂದು ಕುದಿ ಕೊಟ್ರೆ ಸಾಕು, ಯಾರಿಗೂ ಕೆಂಪು ಕಾಣಲ್ಲ" ಎಂದರು. ನಾನು ಬೇಡವೆಂದೆ. ಅವರಿಗೂ ಮನಸ್ಸಿರಲಿಲ್ಲ. ಆ ಬಣ್ಣ ಅವರನ್ನು ಹಿಡಿದುಕೊಂಡಿತ್ತು.

ಮನೆಗೆ ತಂದಾಗ ತಂಗಿ ಕೈಗೆ ಹಾಕಿಕೊಂಡು ಬಾಗಿಲ ಬೆಳಕಿಗೆ ಹೋದಳು. "ಅಣ್ಣಾ, ಮಾವಿನ ಚಿಗುರಿದ್ದಂಗೈತೆ" ಅಂದಳು. ಅಪ್ಪನ ಕಣ್ಣು ಆಗಲೇ ಮಂದ. ಬಳೆಯ ದಪ್ಪ ನೋಡಿ "ಗಟ್ಟಿಯಾಗವೆ" ಎಂದು ಸಂತೋಷಪಟ್ಟರು. ನಾನು ಆಗಲಾದರೂ ಹೇಳಬಹುದಿತ್ತು.

ಒಡವೆ ನೋಡುವ ಶಾಸ್ತ್ರಕ್ಕೆ ಹೊಸದುರ್ಗದಿಂದ ಹುಡುಗನ ಸೋದರಮಾವ ಬಂದ. ಸೊಂಟದ ಸಂಚಿಯಲ್ಲಿ ಎಲೆಯಡಿಕೆಯ ಜೊತೆಗೇ ಒರೆಗಲ್ಲು ಇಟ್ಟುಕೊಂಡು ತಿರುಗುವ ಜಾತಿಯ ಮನುಷ್ಯ. ಬಳೆಯನ್ನು ಕಲ್ಲಿಗೆ ಎಳೆದ. ಕಲ್ಲನ್ನು ಹಾಸಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟ.

"ಏನ್ರೀ ಯಜಮಾನ್ರೇ, ಹೆಣ್ಣಿನ ಜೊತೆ ತಾಮ್ರದ ಹಂಡೇನೂ ಕಳಿಸ್ತೀರೋ, ಇಷ್ಟಕ್ಕೇ ಮುಗೀತೋ?"

ಅಪ್ಪನ ಮುಖ ಕಪ್ಪಿಟ್ಟಿತು. ಆಳು ಓಡಿ ಆಚಾರ್ರನ್ನು ಕರೆತಂದ. ಕೆಲಸದ ನಡುವೆ ಎದ್ದು ಬಂದಿದ್ದರು, ಕೈಯಲ್ಲಿ ಮಸಿ. ಅಂಗಳದಲ್ಲಿ ನಿಂತರು.

"ಏನಲೇ ಆಚಾರಿ, ನಮ್ಮವ್ವನ ಸರ ಎಲ್ಲೈತಲೇ?" ಎಂದರು ಅಪ್ಪ.

"ಬಳೇನಾಗೇ ಐತೆ ಯಜಮಾನ್ರೇ. ತೂಗ್ರಿ. ನೀವು ಕೊಟ್ಟ ಚಿನ್ನಕ್ಕಿಂತ ತೂಕ ಹೆಚ್ಚಿರ್ತೈತೆ, ಕಮ್ಮಿ ಇರಲ್ಲ. ಹೆಚ್ಚಿರೋದು ತಾಮ್ರ."

"ನಿನ್ನ ತೂಕ ಯಾರಿಗೆ ಬೇಕು! ತಾಮ್ರ ಹಾಕು ಅಂತ ನಿಂಗೆ ಯಾರು ಹೇಳಿದ್ರು?"

ಆಚಾರ್ರು ನನ್ನ ಕಡೆ ತಿರುಗಿದರು. ಸ್ವಲ್ಪವೂ ಗಾಬರಿ ಇರಲಿಲ್ಲ ಅವರ ಮುಖದಲ್ಲಿ. ನಾನಿದ್ದೇನೆಂಬ ಧೈರ್ಯ. "ಸಣ್ಣ ಯಜಮಾನ್ರನ್ನ ಕೇಳ್ರಿ. ತಾಮ್ರ ತಂದಿದ್ದು ಅವ್ರೇ, ಮೂಸೆಗೆ ಹಾಕಿದ್ದೂ ಅವರ ಕೈನೇ."

ಎಲ್ಲರೂ ನನ್ನನ್ನು ನೋಡಿದರು. ಅಪ್ಪ, ಆ ಸೋದರಮಾವ, ಬಾಗಿಲ ಸಂದಿಯಲ್ಲಿ ತಂಗಿ. ಉತ್ತರ ಕೊಡುತ್ತೇನೆ ಎಂದಿದ್ದವನು ನಾನು.

"ನಾನ್ಯಾಕೆ ತಾಮ್ರ ತರ್ಲಿ?" ಅಂದೆ. "ನಂಗೇನೂ ಗೊತ್ತಿಲ್ಲ."

ಇಷ್ಟೇ ನಾನು ಆಡಿದ ಮಾತು. ಇದನ್ನು ಬರೆಯಲು ನನಗೆ ನಲವತ್ತು ವರ್ಷಕ್ಕೂ ಮೇಲೆ ಹಿಡಿಯಿತು.

ಆಚಾರ್ರು ನನ್ನನ್ನು ಇನ್ನೊಮ್ಮೆ ನೋಡಲಿಲ್ಲ. ಅಭ್ಯಾಸಬಲದಿಂದ ಎರಡೂ ಅಂಗೈ ಬಿಚ್ಚಿ ಅಪ್ಪನ ಮುಂದೆ ಹಿಡಿದರು. "ನಾಟಕ ಮಾಡ್ತಾನೆ ಕಳ್ಳ" ಎಂದು ಸೋದರಮಾವ ನಕ್ಕ. ಆಚಾರ್ರು ಕೈ ಇಳಿಸಿ, "ಬಳೆ ಕೊಡ್ರಿ, ತಾಮ್ರ ಬಿಡಿಸಿ ಚಿನ್ನ ತಂದುಕೊಡ್ತೀನಿ" ಎಂದಷ್ಟೇ ಹೇಳಿದರು. ಬಳೆಗಳನ್ನು ತಗಡಿನಂತೆ ಬಡಿದು, ಇಟ್ಟಿಗೆ ಪುಡಿ, ಉಪ್ಪಿನಲ್ಲಿ ಹುದುಗಿಸಿ ಮೂರು ದಿನ ಬೆಂಕಿಯಲ್ಲಿ ಪುಟಕ್ಕಿಟ್ಟರಂತೆ. ನಾನು ಆ ಬೀದಿಗೆ ಹೋಗಲಿಲ್ಲ. ನಾಲ್ಕನೆಯ ದಿನ ಸಾಬರ ಕೈಲಿ ಚಿನ್ನದ ಗಟ್ಟಿ ಕಳಿಸಿದರು. ಅಪ್ಪ ತೂಗಿಸಿದರು. ಸರದ ತೂಕಕ್ಕೆ ಒಂದು ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ.

ಅದೇ ಅವರಿಗೆ ಮುಳುವಾಯಿತು. "ಸಿಕ್ಕಿಬಿದ್ದ ಮೇಲೆ ಹೆಂಗೆ ಸರಿಯಾಗಿ ಕೊಟ್ಟ ನೋಡು" ಎಂದಿತು ಬಜಾರು. ಕೊಡದಿದ್ದರೆ ಕಳ್ಳ, ಕೊಟ್ಟದ್ದಕ್ಕೂ ಕಳ್ಳ. ಪಕ್ಕದಲ್ಲೇ ಕೂತು ಎಲ್ಲ ಕಂಡಿದ್ದ ಸಾಬರ ಮಾತನ್ನು, ಗೆಳೆಯನ ಪರ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿತ್ರದುರ್ಗದಲ್ಲಿ ಬೇರೆ ಬಳೆ ಮಾಡಿಸಿದೆವು. ಮದುವೆ ಆಯಿತು. ಆಚಾರ್ರ ಕಟ್ಟೆಗೆ ಚಿನ್ನ ಬರುವುದು ನಿಂತಿತು, ಆಮೇಲೆ ಬೆಳ್ಳಿಯೂ ನಿಂತಿತು. ಆರು ತಿಂಗಳು ಅಗ್ಗಿಷ್ಟಿಕೆ ಹಚ್ಚಿಕೊಂಡು ಸುಮ್ಮನೆ ಕೂರುತ್ತಿದ್ದರಂತೆ. ಹಚ್ಚದಿದ್ದರೆ ಕೆಲಸವಿಲ್ಲವೆಂದು ಹೆಂಡತಿಗೆ ಗೊತ್ತಾಗುತ್ತದಲ್ಲ. ನಂತರ ಒಂದು ಗಾಡಿಯಲ್ಲಿ ಸಾಮಾನು ಹೇರಿಕೊಂಡು ಗಂಡ ಹೆಂಡತಿ ಧರ್ಮಪುರಕ್ಕೆ ಹೊರಟುಹೋದರು.

ಅವರನ್ನು ಇನ್ನೊಂದೇ ಸಲ ನೋಡಿದೆ, ಎಂಟೊಂಬತ್ತು ವರ್ಷದ ಮೇಲೆ. ಸರ್ಕಾರದ ಕೆಲಸದ ಮೇಲೆ ಧರ್ಮಪುರಕ್ಕೆ ಹೋಗಿದ್ದೆ. ಬೇವಿನ ಮರದ ಕೆಳಗೆ ಕುಳಿತು ಎತ್ತಿನ ಕೊಂಬಿಗೆ ಹಾಕುವ ಹಿತ್ತಾಳೆ ಅಣಸು ಬಡಿಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ತಿರುಗಿ ಹೋಗಿಬಿಡೋಣವೆಂದುಕೊಂಡೆ. ಅಷ್ಟರಲ್ಲಿ ನೋಡಿದರು.

"ಬರ್ರಿ ಸಣ್ಣ ಯಜಮಾನ್ರೇ, ನೆಳ್ಳಿಗೆ ಬರ್ರಿ."

ತಾವೇ ಎದ್ದು ನೀರು ಕೊಟ್ಟರು, ಬೆಲ್ಲ ಕೊಟ್ಟರು. ಮಳೆಯ ವಿಷಯ ಕೇಳಿದರು. "ಎತ್ತಿಗೆ ಒಡವೆ ಮಾಡ್ತೀನಿ ಈಗ. ಒಳ್ಳೆ ಗಿರಾಕಿ. ಒರೆಗಲ್ಲು ತರಲ್ಲ" ಎಂದರು. ನಗಲು ನನಗಾಗಲಿಲ್ಲ. ಅವರು ಅಣಸನ್ನು ತಿರುಗಿಸುತ್ತ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದರು:

"ಒಂದು ಮಾತು ಕೇಳ್ಲೇನು? ಆ ಬಳೆ... ತಂಗ್ಯಮ್ಮ ಒಂದು ಗಳಿಗೆನಾದ್ರೂ ಕೈಗೆ ಹಾಕ್ಕಂಡಿದ್ರಾ?"

"ಹಾಕ್ಕಂಡಿದ್ಲು. ಬಾಗಿಲಿಗೆ ಹೋಗಿ ಬೆಳಕಿನಾಗೆ ನೋಡಿದ್ಲು. ಮಾವಿನ ಚಿಗುರು ಇದ್ದಂಗೈತೆ ಅಂದ್ಲು."

"ಅಂದ್ರಾ?" ಎಂದರು. ಕೈಯಲ್ಲಿದ್ದ ಅಣಸನ್ನು ಕೆಳಗಿಟ್ಟರು. "ಹೂಂ. ಚಿಗುರಿನ ಬಣ್ಣಾನೇ ಅದು. ನಂಗೆ ಹೊಳೆದಿರಲಿಲ್ಲ."

ಅಷ್ಟೇ ಅವರು ಕೇಳಿದ್ದು. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಕಾಲಿಗೆ ಬೀಳುತ್ತಿದ್ದೆನೇನೋ. ಕೇಳದಿದ್ದುದರಿಂದ, ಗಾಡಿಗೆ ಹೊತ್ತಾಯಿತು ಎಂದು ಎದ್ದುಬಂದೆ. ದಾರಿಯುದ್ದಕ್ಕೂ, ಮುಂದಿನ ಸಲ ಬಂದಾಗ ಹೇಳುತ್ತೇನೆ ಅಂದುಕೊಂಡೆ. ಮುಂದಿನ ಸಲ ಬೇರೆ ಗುಮಾಸ್ತನನ್ನು ಕಳಿಸುವ ಹಾಗೆ ನಾನೇ ಏರ್ಪಾಟು ಮಾಡಿದೆ.

ಅಪ್ಪ ತೀರಿಕೊಂಡರು. ತಂಗಿಯೂ ನನಗಿಂತ ಮುಂಚೆ ಹೋದಳು. ಅವಳಿಗೂ ನಾನು ಹೇಳಲಿಲ್ಲ. ಸುಳ್ಳು ಕೇಳಿದ ಕಿವಿಗಳು ಒಂದೊಂದಾಗಿ ಇಲ್ಲವಾದಂತೆ, ಒಳಗೊಳಗೇ ನನಗೆ ಸಮಾಧಾನವೇ ಆಗುತ್ತಿತ್ತು. ಇದನ್ನೂ ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ.

ಸಾಬರು ಬಂದುಹೋದ ಮೂರನೆಯ ದಿನ ಕೋಲು ಹಿಡಿದು ಬಜಾರಿಗೆ ಹೋದೆ. ಆಚಾರ್ರ ಕಟ್ಟೆ ಈಗಿಲ್ಲ. ಅದೇ ಸಾಲಿನಲ್ಲಿ ಒಂದು ಚಿನ್ನ ಬೆಳ್ಳಿ ಅಂಗಡಿ ಇದೆ. ಮೂವತ್ತರ ಆಸುಪಾಸಿನ ಅಕ್ಕಸಾಲಿ ಕುಳಿತು ಬೆಂಕಿ ಊದುತ್ತಿದ್ದ. ಇಲ್ಲಿ ಹಿಂದೆ ಒಬ್ಬ ಆಚಾರ್ರು ಇದ್ದರು, ಗೊತ್ತೇನಪ್ಪ ಎಂದು ಕೇಳಿದೆ.

"ಯಾರು, ತಾಮ್ರದಾಚಾರಿಯೇನಜ್ಜಾ?" ಎಂದು ನಕ್ಕ. "ನಾನು ನೋಡಿಲ್ಲ. ನಮ್ಮಪ್ಪ ಹೇಳ್ತಿದ್ರು. ಮದುವೆ ಬಳೆಗೆ ತಾಮ್ರ ಹಾಕಿ ಬೀಗರ ಮುಂದೆ ಸಿಕ್ಕಿಬಿದ್ದನಂತೆ. ಕೆಲಸ ಕಲಿಯೋರಿಗೆಲ್ಲ ನಮ್ಮಪ್ಪ ಅದೇ ಕತೆ ಹೇಳೋರು, ನೀನೂ ತಾಮ್ರದಾಚಾರಿ ಆಗಬ್ಯಾಡಲೇ ಅಂತ."

ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಕಿವಿಗಳೆಲ್ಲ ಹೋದರೂ ಮಾತು ಹೋಗಿರಲಿಲ್ಲ. ನಾನು ಕಾಣದ ಬಾಯಿಗಳಿಗೆ ದಾಟಿಕೊಂಡು ಬದುಕಿತ್ತು.

"ಆ ತಾಮ್ರ ಅವರು ಹಾಕಿದ್ದಲ್ಲಪ್ಪ" ಅಂದೆ. "ಅದನ್ನ ತಂದೋನು ನಾನು. ಮೂಸೆಗೆ ಹಾಕಿದ್ದು ನನ್ನ ಕೈ. ಕೇಳಿದಾಗ ಗೊತ್ತಿಲ್ಲ ಅಂದೋನೂ ನಾನೇ. ಅವರು ಕಳ್ಳರಲ್ಲ."

ಅವನು ಊದುತ್ತಿದ್ದುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಕಿವುಡನಿಗೆ ಹೇಳಿದಂತೆ ಇನ್ನೊಮ್ಮೆ ಹೇಳಿದೆ, ಮೊದಲಿನಿಂದ, ಎಲ್ಲವನ್ನೂ. ಅವನು ಎದ್ದು ಬಂದು ಒಂದು ಲೋಟ ನೀರು ಕೊಟ್ಟ. ಒಳ್ಳೆಯ ಹುಡುಗ. ನಾನು ಕುಡಿಯುವವರೆಗೂ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದ. ಆಮೇಲೆ ಬೀದಿಯ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, ದನಿ ತಗ್ಗಿಸಿ ಹೇಳಿದ:

"ಹೆದರಬ್ಯಾಡ್ರಿ ಅಜ್ಜಾ. ನಾನು ಯಾರ ಮುಂದೂ ಬಾಯಿ ಬಿಡಲ್ಲ."